ಒಬ್ಬಳೇ ಗಾಡಿ ಹತ್ತುವ ವಯಸ್ಸು

ಮಗಳಿಗೆ ಫೋನ್ ಯಾವಾಗ ಕೊಡಬೇಕೆಂಬ ಮಾತು ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಗಂಭೀರವಾಗಿ ಬಂದದ್ದು 2025ರ ಜೂನ್‌ನಲ್ಲಿ, ಅವಳು ಆರನೇ ತರಗತಿಗೆ ಕಾಲಿಟ್ಟಾಗ. ಅಷ್ಟರಲ್ಲಿ ಅವಳು ಫೋನ್ ಬಳಸತೊಡಗಿ ಐದು ವರ್ಷ ಕಳೆದಿತ್ತು. ಕೊಟ್ಟವರು ಯಾರೆಂದು ಕೇಳಿದರೆ ಯಾರ ಹೆಸರನ್ನೂ ಹೇಳುವಂತಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಶಾಲೆಯ ಬಾಗಿಲು ಮುಚ್ಚಿತು. ಒಂದನೇ ತರಗತಿಯ ಪಾಠ ನನ್ನ ಫೋನಿನ ಅಂಗೈಯಗಲದ ಪರದೆಯ ಮೇಲೆ ಶುರುವಾಯಿತು. ನಾನು ಕೆಲಸಕ್ಕೆ ಹೋಗಲೇಬೇಕಾಗಿ ಬಂದಾಗ ಅದೇ ಪಾಠ ಅತ್ತೆಯ ಫೋನಿಗೆ ವರ್ಗವಾಯಿತು. ಪಾಠ ಮುಗಿದ ಮೇಲೆ ಫೋನ್ ಅತ್ತೆಯ ಬಳಿಗೆ ಮರಳುವ ಮೊದಲು ಮಗು ಹತ್ತು ನಿಮಿಷ ಚಿತ್ರ ನೋಡಿತು, ಮರುವರ್ಷ ಇಪ್ಪತ್ತು ನಿಮಿಷ ಆಟ ಆಡಿತು. ಶಾಲೆ ಮತ್ತೆ ತೆರೆದ ಮೇಲೂ ಆ ಇಪ್ಪತ್ತು ನಿಮಿಷ ಹೋಗಲಿಲ್ಲ. ನಮ್ಮಂಥ ಮನೆಗಳಲ್ಲಿ ಮಕ್ಕಳ ಮೊದಲ ಫೋನ್ ಹುಟ್ಟುಹಬ್ಬದ ಉಡುಗೊರೆಯಾಗಿ ಮುಂಬಾಗಿಲಿನಿಂದ ಬರುವುದಿಲ್ಲ. ಅದು ಅಜ್ಜಿಯ ದಿಂಬಿನ ಪಕ್ಕದಿಂದ ಬರುತ್ತದೆ.

ನಾವಿರುವುದು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ. ನಾನು ಮತ್ತು ಗಂಡ ಇಬ್ಬರೂ ಬೆಳಿಗ್ಗೆ ಎಂಟರ ಒಳಗೆ ಲೋಕಲ್ ರೈಲುಗಾಡಿ ಹತ್ತುವವರು, ಸಂಜೆ ಏಳೂವರೆಗೆ ಮುಂಚೆ ಮನೆ ಮುಟ್ಟದವರು. ಮಳೆಗಾಲದಲ್ಲಿ ಹಳಿಗೆ ನೀರು ಬಂದರೆ ಆ ಏಳೂವರೆ ಹತ್ತೂ ಆಗಬಹುದು, ಹನ್ನೊಂದೂ ಆಗಬಹುದು. ಆದ್ದರಿಂದ ಮಕ್ಕಳಿಗೆ ಫೋನೇ ಬೇಡ ಎಂದು ನೇರವಾಗಿ ಹೇಳುವವರನ್ನು ಕಂಡರೆ ನನಗೆ ಗೌರವವಿದೆಯಾದರೂ, ಅವರ ಮಾತನ್ನು ಹಾಗೆಯೇ ಎತ್ತಿ ನಮ್ಮ ಮನೆಯಲ್ಲಿ ಇಡಲು ಆಗುವುದಿಲ್ಲ. ನಾಲ್ಕು ಗಂಟೆಗೆ ಶಾಲೆಯಿಂದ ಬರುವ ಮಗು ನನ್ನನ್ನು ತಲುಪುವ ಒಂದು ದಾರಿ ಇರಲೇಬೇಕು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನನ್ನ ಮಗಳು ಕನ್ನಡ ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಫೋನಿನದು. ಶಾಲೆಯಲ್ಲಿ ಇಂಗ್ಲಿಷ್, ಕಟ್ಟಡದ ಅಂಗಳದಲ್ಲಿ ಮರಾಠಿ, ಹಿಂದಿ. ನಮ್ಮ ಭಾಷೆ ಅವಳ ಕಿವಿಗೆ ಬೀಳುವುದು ಮನೆಯ ನಾಲ್ಕು ಗೋಡೆಗಳ ಒಳಗೆ ಮಾತ್ರ. ಅಪ್ಪ ತೀರಿಕೊಂಡ ಮೇಲೆ ಕುಂದಾಪುರದ ಕಡೆಯ ಊರಿಗೆ ಮರಳಿರುವ ನನ್ನ ಅಮ್ಮ, ಇವಳಿಗೆ ಮೂರು ವರ್ಷವಾದಂದಿನಿಂದ ಪ್ರತಿ ಭಾನುವಾರ ವಿಡಿಯೋ ಕರೆ ಮಾಡುತ್ತಾಳೆ. ಅಮ್ಮನಿಗೆ ಫೋನ್ ಹಿಡಿಯಲು ಇಂದಿಗೂ ಸರಿಯಾಗಿ ಬರುವುದಿಲ್ಲ. ಅರ್ಧ ಹಣೆ, ಅರ್ಧ ಸೂರು ಕಾಣಿಸುತ್ತದೆ. ಒಂದು ಸಲ ಹಿತ್ತಲಿನ ಹಲಸಿನ ಮರವನ್ನು ತೋರಿಸುತ್ತೇನೆಂದು ಹೋಗಿ, ಫೋನನ್ನು ತಲೆಕೆಳಗಾಗಿ ಹಿಡಿದು, ಎಳೆಯ ಕಾಯಿಯನ್ನು ಬೆರಳಿನಿಂದ ತಟ್ಟಿ, "ಇದು ಗುಜ್ಜೆ, ಹಣ್ಣಾಗುವ ತನಕ ಕಾಯಬಾರದು, ಈಗಲೇ ಪಲ್ಯ ಮಾಡಬೇಕು" ಎಂದಳು. ಇವಳು ಇಲ್ಲಿ ಡೊಂಬಿವಲಿಯ ಹಾಲ್‌ನಲ್ಲಿ ಕುತ್ತಿಗೆಯನ್ನು ಪೂರ್ತಿ ಓರೆ ಮಾಡಿ ಆ ಮರವನ್ನು ನೋಡಿದಳು. ಗುಜ್ಜೆ ಎಂಬ ಮಾತು ಅವಳಿಗೆ ಬಂದದ್ದು ಹಾಗೆ.

ಅಜ್ಜಿಯೊಂದಿಗೆ ಮಾತಾಡುವ ಪರದೆಗೂ ಸುಮ್ಮನೆ ನೋಡುವ ಪರದೆಗೂ ಇರುವ ಈ ವ್ಯತ್ಯಾಸವನ್ನು ಮಕ್ಕಳ ವೈದ್ಯರೂ ಗಮನಿಸಿದ್ದಾರೆ. ಭಾರತೀಯ ಮಕ್ಕಳ ವೈದ್ಯರ ಸಂಘ, ಅಂದರೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2021ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 2 ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಎಂದು ಹೇಳಿದರೂ, ನೆಂಟರೊಂದಿಗೆ ಆಗೊಮ್ಮೆ ಈಗೊಮ್ಮೆ ಆಡುವ ವಿಡಿಯೋ ಮಾತಿಗೆ ವಿನಾಯಿತಿ ಕೊಟ್ಟಿದೆ. 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದೂ ದೊಡ್ಡವರ ಜೊತೆಯಲ್ಲಿ. 5ರಿಂದ 10 ವರ್ಷದವರಿಗೆ 2 ಗಂಟೆಗಿಂತ ಕಡಿಮೆ. ಈ ಅಳತೆಗಳು ನನಗೆ ನಿಜಕ್ಕೂ ಉಪಯೋಗಕ್ಕೆ ಬಂದವು. ಆದರೆ ಅವು ಎಷ್ಟು ಹೊತ್ತು ಎಂಬುದಕ್ಕೆ ಉತ್ತರ. ನನ್ನ ಮುಂದಿದ್ದ ಪ್ರಶ್ನೆ ಬೇರೆ. ನಾನು ಪಕ್ಕದಲ್ಲಿಲ್ಲದ ಹೊತ್ತಿನಲ್ಲಿ, ಪರದೆಯ ಆಚೆ ಅಜ್ಜಿಯ ಬದಲು ಬೇರೆ ಯಾರೋ ಇದ್ದಾಗ, ಈ ಮಗುವಿಗೆ ಅದನ್ನು ನಿಭಾಯಿಸಲು ಬರುತ್ತದೆಯೇ?

ಜೂನ್‌ನಲ್ಲಿ ಅವಳು ತನ್ನದೇ ಫೋನ್ ಬೇಕೆಂದು ಕೇಳಿದಾಗ ಗಂಡ ಮತ್ತು ನಾನು ಎಲ್ಲ ತಂದೆ ತಾಯಿಯರೂ ಮಾಡುವುದನ್ನೇ ಮಾಡಿದೆವು, ಒಂದು ಸಂಖ್ಯೆಯನ್ನು ಹುಡುಕಿದೆವು. ಹೆಚ್ಚಿನ ಆ್ಯಪ್‌ಗಳು 13 ಎನ್ನುತ್ತವೆ. ಹೀಗಾಗಿ 13 ತುಂಬುವ ತನಕ ಇಲ್ಲ ಎಂದು ತೀರ್ಪು ಕೊಟ್ಟೆವು. ಆಮೇಲೆ, ಈ 13 ಎಲ್ಲಿಂದ ಬಂತೆಂದು ಒಂದು ರಾತ್ರಿ ಕುಳಿತು ಓದಿದೆ. ಯಾರೋ ಮನಃಶಾಸ್ತ್ರಜ್ಞರು ಮಕ್ಕಳ ಮನಸ್ಸನ್ನು ಅಳೆದು ತೂಗಿ ಹೇಳಿದ ವಯಸ್ಸು ಅದಿರಬೇಕೆಂದು ನಾನು ಅಂದುಕೊಂಡಿದ್ದೆ. ಹಾಗಿರಲಿಲ್ಲ. ಅಮೆರಿಕದಲ್ಲಿ 1998ರಲ್ಲಿ ಆಗಿ 2000ದಲ್ಲಿ ಜಾರಿಗೆ ಬಂದ, ಕೋಪಾ ಎಂದು ಕರೆಯಲಾಗುವ ಕಾನೂನೊಂದು, 13 ವರ್ಷದೊಳಗಿನ ಮಕ್ಕಳ ವಿವರಗಳನ್ನು ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಕಲೆಹಾಕಬಾರದು ಎಂದಿತು. ಆ ಒಪ್ಪಿಗೆ ಪಡೆಯುವ ತಲೆನೋವೇ ಬೇಡವೆಂದು ಕಂಪನಿಗಳು 13ರ ಕೆಳಗಿನವರಿಗೆ ಪ್ರವೇಶವಿಲ್ಲ ಎಂದು ಬರೆದುಕೊಂಡವು. ಹುಟ್ಟಿದ ವರ್ಷ ಯಾವುದೆಂದು ಕೇಳುವ ಆ ಪುಟ್ಟ ಚೌಕದಲ್ಲಿ ಸುಳ್ಳು ವರ್ಷ ತುಂಬಲು ಮಗುವಿಗೆ ಎರಡು ಕ್ಷಣವೂ ಬೇಡ. ಅಂದರೆ ನಾವು ಮಗಳ ಪಕ್ವತೆಯ ಗುರುತೆಂದು ನಂಬಿದ್ದ ಸಂಖ್ಯೆ, ಮಾಹಿತಿ ಸಂಗ್ರಹದ ಒಂದು ಕಾನೂನಿನ ಗಡಿರೇಖೆ ಆಗಿತ್ತು.

ನಮ್ಮ ದೇಶದ್ದು ಇನ್ನೊಂದು ಸಂಖ್ಯೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳೇ. ಅವರ ವಿವರ ಬಳಸಲು ತಂದೆ ತಾಯಿಯ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಅವರ ನಡವಳಿಕೆಯ ಬೆನ್ನು ಹತ್ತಿ ಜಾಹೀರಾತು ತೋರಿಸುವಂತಿಲ್ಲ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಒಪ್ಪಿಗೆಯ ಭಾಗ ಜಾರಿಯಾಗಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಅದರ ಮರುತಿಂಗಳೇ, ಡಿಸೆಂಬರ್ 10ರಂದು, ಆಸ್ಟ್ರೇಲಿಯಾ 16 ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನನ್ನು ಜಾರಿಗೆ ತಂದಿತು. 13, 16, 18. ಈ ಕಾನೂನುಗಳ ಬಗ್ಗೆ ನನಗೆ ಕೃತಜ್ಞತೆ ಇದೆ, ಏಕೆಂದರೆ ಅವು ಕಂಪನಿಗಳ ಕೈ ಕಟ್ಟುತ್ತವೆ, ಒಬ್ಬ ತಾಯಿಯಿಂದ ಆಗದ ಕೆಲಸ ಅದು. ಆದರೆ ನನ್ನ ಮಗಳು ಯಾವ ಹಂತದಲ್ಲಿದ್ದಾಳೆ ಎಂಬುದನ್ನು ಆ ಮೂರರಲ್ಲಿ ಯಾವುದೂ ಹೇಳುವುದಿಲ್ಲ.

ನಡುವೆ ಕೈಗಡಿಯಾರದ ಪ್ರಸ್ತಾಪವೂ ಬಂತು. ಸಿಮ್ ಹಾಕುವ, ಮಗು ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸುವ, ನಾವು ಇಲ್ಲಿಂದ ಗುಂಡಿ ಒತ್ತಿದರೆ ಅಲ್ಲಿನ ಮಾತು ಕೇಳಿಸುವ ಮಕ್ಕಳ ಗಡಿಯಾರ. ಕಟ್ಟಡದಲ್ಲಿ ಇಬ್ಬರು ತಾಯಂದಿರು ತೆಗೆದುಕೊಂಡಿದ್ದರು. ನನಗೂ ಆಸೆಯಾಯಿತು. ಆದರೆ ಜರ್ಮನಿಯ ದೂರಸಂಪರ್ಕ ನಿಯಂತ್ರಣ ಸಂಸ್ಥೆ 2017ರಲ್ಲಿ ಇಂಥ ಕದ್ದು ಕೇಳುವ ಮಕ್ಕಳ ಗಡಿಯಾರಗಳನ್ನು ನಿಷೇಧಿಸಿ, ಇದ್ದವನ್ನು ನಾಶ ಮಾಡುವಂತೆ ಪೋಷಕರಿಗೆ ಹೇಳಿತೆಂದು ಓದಿದ ಮೇಲೆ ಯೋಚನೆ ಬದಲಾಯಿತು. ತರಗತಿಯ ಟೀಚರ್ ಮಾತನ್ನೂ, ಪಕ್ಕದ ಮಗುವಿನ ಮಾತನ್ನೂ ನಾನು ಕಚೇರಿಯಲ್ಲಿ ಕುಳಿತು ಕೇಳುವುದು ಸರಿಯಲ್ಲ. ನಾನು ಕೇಳಬಹುದಾದದ್ದನ್ನು ಇನ್ನಾರೋ ಕೇಳಲೂಬಹುದು. ಕೊನೆಗೆ ನಾವು ತಂದದ್ದು ಇಂಟರ್ನೆಟ್ ಇಲ್ಲದ, ಗುಂಡಿಗಳಿರುವ ಸಾದಾ ಫೋನ್. ಅಮ್ಮ, ಅಪ್ಪ, ಅಜ್ಜಿ, ಕೆಳಗಿನ ಮನೆಯ ಆಂಟಿ, ನಾಲ್ಕು ನಂಬರ್. ತಲುಪುವ ದಾರಿಯೊಂದು ಸಿಕ್ಕಿತು. ತಲುಪುವುದಕ್ಕೂ ಇಂಟರ್ನೆಟ್‌ಗೂ ಸಂಬಂಧವೇ ಇಲ್ಲ, ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಮಾರುವುದರಿಂದ ನಾವು ಅವುಗಳನ್ನು ಒಂದೆಂದು ಎಣಿಸುತ್ತೇವೆ ಎಂಬುದು ಆಗ ಹೊಳೆಯಿತು. ನನಗೆ ಸಮಾಧಾನವಾಯಿತು. ಎಲ್ಲವೂ ತೀರ್ಮಾನವಾಯಿತೆಂದು ಬಗೆದು ಸುಮ್ಮನಾದೆ.

ಅಕ್ಟೋಬರ್‌ನ ಒಂದು ಸಂಜೆ ಅತ್ತೆಯ ಫೋನಿಗೆ ಮಗಳ ಗೆಳತಿಯ ತಾಯಿಯ ಹೆಸರಿನಿಂದ ಒಂದು ಸಂದೇಶ ಬಂತು. ನಿಮ್ಮ ನಂಬರಿಗೆ ತಪ್ಪಿ ನನ್ನದೊಂದು ಆರಂಕಿಯ ಕೋಡ್ ಬಂದಿದೆ, ಸ್ವಲ್ಪ ಕಳಿಸುತ್ತೀರಾ ಎಂದು ಅದರಲ್ಲಿತ್ತು. ಹೋಂವರ್ಕ್‌ನ ಫೋಟೋ ಹುಡುಕುತ್ತ ಅತ್ತೆಯ ಫೋನನ್ನು ಹಿಡಿದಿದ್ದವಳು ನನ್ನ ಮಗಳು. ಆಂಟಿಗೆ ಸಹಾಯ ಮಾಡಬೇಕೆಂದು ಆ ಆರು ಅಂಕಿಗಳನ್ನು ಕಳಿಸಿದಳು. ಈ ಮೋಸದ ಕೀಲು ಇರುವುದು ಇಲ್ಲಿಯೇ. ಆ ಕೋಡ್ ಆಂಟಿಯದಲ್ಲ. ಮೋಸಗಾರನು ತನ್ನ ಫೋನಿನಲ್ಲಿ ಅತ್ತೆಯ ನಂಬರ್ ಹಾಕಿ ಸಂದೇಶದ ಆ್ಯಪ್ ತೆರೆಯಲು ಹೊರಟಾಗ, ನಂಬರಿನ ಒಡೆಯರು ನೀವೇ ಹೌದೇ ಎಂದು ಖಚಿತಪಡಿಸಿಕೊಳ್ಳಲು ಅತ್ತೆಗೆ ಬಂದ ಕೋಡ್ ಅದು. ಅದನ್ನು ಕೊಟ್ಟರೆ ಮನೆಯ ಬೀಗದ ಕೈ ಕೊಟ್ಟಂತೆ. ಆಂಟಿಯ ಖಾತೆಯೂ ಹಾಗೆಯೇ ಹಿಂದಿನ ದಿನ ಕೈತಪ್ಪಿ ಹೋಗಿತ್ತು. ಎರಡು ನಿಮಿಷದಲ್ಲಿ ಅತ್ತೆಯ ಫೋನಿನಲ್ಲಿ ಆ್ಯಪ್ ಮುಚ್ಚಿಕೊಂಡಿತು.

ಮಗಳಿಗೆ ಏನೋ ತಪ್ಪಾಯಿತೆಂದು ಕೂಡಲೇ ಗೊತ್ತಾಗಿದೆ. ಅವಳು ಫೋನನ್ನು ಅಜ್ಜಿಯ ದಿಂಬಿನ ಪಕ್ಕ ಮೊದಲಿದ್ದಂತೆಯೇ ಬೋರಲು ಇಟ್ಟಳು. ಊಟಕ್ಕೆ ಬಂದಳು. ಸಾರು ಬೇಡ, ಮೊಸರು ಸಾಕು ಎಂದಳು. ಹೊಟ್ಟೆ ಸರಿಯಿಲ್ಲವೇನೋ ಎಂದು ನಾನು ಹಣೆ ಮುಟ್ಟಿ ನೋಡಿದೆ. ಅವಳು ಬೇಗ ಮಲಗಿದಳು.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಭಾಂಡುಪ್‌ನಲ್ಲಿರುವ ಅತ್ತೆಯ ತಂಗಿಯ ಮಗ ಕಚೇರಿಯಲ್ಲಿದ್ದ ನನಗೆ ಫೋನ್ ಮಾಡಿ, ದೊಡ್ಡಮ್ಮ ಯಾವ ಆಸ್ಪತ್ರೆಯಲ್ಲಿದ್ದಾರೆ, ಕಳಿಸಿದ 12,000 ರೂಪಾಯಿ ತಲುಪಿತೇ ಎಂದು ಕೇಳಿದ. ಅಷ್ಟು ಹೊತ್ತಿಗೆ ಅತ್ತೆಯ ಹೆಸರಿನಲ್ಲಿ ಉಡುಪಿಯಿಂದ ಪುಣೆಯ ತನಕ ಇರುವ ನೆಂಟರಿಗೆಲ್ಲ ಹಣ ಬೇಡುವ ಸಂದೇಶ ಹೋಗಿತ್ತು. 1930ಕ್ಕೆ ಫೋನ್ ಮಾಡಿದೆವು, ದೂರು ದಾಖಲಿಸಿದೆವು, ಅತ್ತೆಯ ನಂಬರನ್ನು ಮತ್ತೆ ನೋಂದಾಯಿಸಿಕೊಂಡೆವು. ಸೈಬರ್ ವಂಚನೆಯ ಆ ಸಹಾಯವಾಣಿ ಕೆಲಸ ಮಾಡುವುದು ವೇಗದ ಮೇಲೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಜಿಗಿಯುವ ಮೊದಲೇ ದೂರು ಮುಟ್ಟಿದರೆ ಬ್ಯಾಂಕ್ ಅದನ್ನು ತಡೆಹಿಡಿಯಬಹುದು. ಆ 12,000 ರೂಪಾಯಿ ಇನ್ನೂ ಸಿಕ್ಕಿಲ್ಲ. ನಾವೇ ಹುಡುಗನಿಗೆ ಕೊಟ್ಟೆವು.

ಹಣ ಹೋದದ್ದು ದೊಡ್ಡದೆಂದು ನನಗೆ ಈಗ ಅನ್ನಿಸುವುದಿಲ್ಲ. ಆ ಸಂಜೆ ಏಳರಿಂದ ಮರುದಿನ ಹತ್ತೂವರೆಯವರೆಗಿನ ಹದಿನೈದೂವರೆ ಗಂಟೆ ನನ್ನನ್ನು ಕಾಡುತ್ತದೆ. ಹೇಳಿದ್ದರೆ ಹತ್ತು ನಿಮಿಷದಲ್ಲಿ ನೆಂಟರನ್ನೆಲ್ಲ ಎಚ್ಚರಿಸಬಹುದಿತ್ತು. ಹನ್ನೊಂದು ವರ್ಷದ ಮಗು ಅಷ್ಟು ಹೊತ್ತು ಆ ಭಾರವನ್ನು ಒಬ್ಬಳೇ ಹೊತ್ತು, ಅದನ್ನೇ ಹೊತ್ತುಕೊಂಡು ಮಲಗಿ, ಎದ್ದು, ಜಡೆ ಹಾಕಿಸಿಕೊಂಡು ಶಾಲೆಗೆ ಹೋಗಿದ್ದಳು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ತುಂಬ ಹೊತ್ತು ನೆಲ ನೋಡುತ್ತ ನಿಂತವಳು, "ಹೇಳಿದರೆ ನೀನು ಅಜ್ಜಿಯ ಫೋನನ್ನೂ ಮುಟ್ಟಬೇಡ ಅಂತೀಯ" ಎಂದಳು.

ಅವಳು ಹೇಳಿದ್ದು ನಿಜ. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಒಂದು ಚಿತ್ರದ ಹಿಂದೆ ತಾನಾಗಿಯೇ ಇನ್ನೊಂದು ಚಿತ್ರ ಓಡುತ್ತ ಓಡುತ್ತ, ಮಗು ನೋಡಬಾರದಂಥ ಹೊಡೆದಾಟದ ದೃಶ್ಯವೊಂದು ಬಂದಾಗ ಅವಳು ಬೆದರಿ ನನ್ನ ಬಳಿ ಓಡಿಬಂದಿದ್ದಳು. ನಾನು ಮಾಡಿದ್ದೇನು? ಫೋನನ್ನು ಕಸಿದುಕೊಂಡು, ಇನ್ನು ಒಂದು ತಿಂಗಳು ಇದನ್ನು ಮುಟ್ಟಬೇಡ ಎಂದಿದ್ದೆ. ಅವಳನ್ನು ಕಾಪಾಡುತ್ತಿದ್ದೇನೆಂದೇ ನಾನು ನಂಬಿದ್ದೆ. ಆದರೆ ಮಗು ಕಲಿತ ಪಾಠ ಬೇರೆ. ಬಂದು ಹೇಳಿದರೆ ಫೋನ್ ಹೋಗುತ್ತದೆ.

ಅಂದು ರಾತ್ರಿ ನಿದ್ದೆ ಬರಲಿಲ್ಲ, ಅಪ್ಪನ ನೆನಪು ಬಂತು. ನಾನು ಬೆಳೆದದ್ದೂ ಇದೇ ಡೊಂಬಿವಲಿಯಲ್ಲಿ. ಅಪ್ಪ ಮಾಟುಂಗಾದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. 1994ರಲ್ಲಿ, ನನಗೆ 13 ವರ್ಷವಾದಾಗ, ಮಾಟುಂಗಾದಲ್ಲಿ ಸಂಗೀತ ಪಾಠಕ್ಕೆ ಸೇರಿದೆ. ಪ್ರತಿ ಶನಿವಾರ ಮಧ್ಯಾಹ್ನ ಹೋಗಬೇಕಿತ್ತು. ಲೋಕಲ್ ಗಾಡಿಯಲ್ಲಿ ಒಬ್ಬಳೇ ಹೋಗುವ ವಯಸ್ಸು ಯಾವುದೆಂದು ಆ ಕಾಲದಲ್ಲಿ ಯಾವ ಕಾನೂನೂ ಹೇಳುತ್ತಿರಲಿಲ್ಲ, ಇಂದಿಗೂ ಮುಂಬಯಿಯಲ್ಲಿ ಪ್ರತಿ ಮನೆಯೂ ತನ್ನಷ್ಟಕ್ಕೆ ಅದನ್ನು ತೀರ್ಮಾನಿಸಿಕೊಳ್ಳುತ್ತದೆ. ಅಪ್ಪ ತೀರ್ಮಾನಿಸಿದ ರೀತಿ ಹೀಗಿತ್ತು. ಮೊದಲು ಕೆಲವು ವಾರ ತಮ್ಮ ರಜೆಯ ದಿನಗಳಲ್ಲಿ ಜೊತೆಗೆ ಕೂತು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ದಿವಾ, ಮುಂಬ್ರಾ, ಕಲ್ವಾ, ಥಾಣೆ ಎಂದು ನನ್ನಿಂದ ಹೇಳಿಸಿದರು. ಆಮೇಲೆ ನನ್ನನ್ನು ಲೇಡೀಸ್ ಡಬ್ಬಿಗೆ ಹತ್ತಿಸಿ ತಾವು ಪಕ್ಕದ ಡಬ್ಬಿಯಲ್ಲಿ ನಿಂತರು. ಹೆಂಗಸರ ಡಬ್ಬಿಗೆ ಗಂಡಸರು ಬರುವಂತಿಲ್ಲವಾದ್ದರಿಂದ, ಇದ್ದೂ ಇಲ್ಲದಂತಿರುವ ಆ ಹಂತ ತಾನಾಗಿಯೇ ಒದಗಿತು. ಕೊನೆಗೆ ಅವರು ಮಾಟುಂಗಾ ಸ್ಟೇಷನ್ನಿನ ಸೇತುವೆಯ ಬುಡದಲ್ಲಿ ಕಾಯುತ್ತ ನಿಂತರು, ನಾನು ಒಬ್ಬಳೇ ಹೋದೆ.

ಆದರೆ ಒಬ್ಬಳನ್ನೇ ಬಿಡುವ ಹಿಂದಿನ ದಿನ ಅವರು ಕೇಳಿದ ಪ್ರಶ್ನೆ ಸ್ಟೇಷನ್ನುಗಳ ಹೆಸರಿನದ್ದಾಗಿರಲಿಲ್ಲ. "ತಪ್ಪು ಗಾಡಿ ಹತ್ತಿದೆ ಅಂತ ಇಟ್ಟುಕೋ, ಆಗ ಏನು ಮಾಡುತ್ತೀ?" ಎಂದು ಕೇಳಿದರು. ನಾನು ಹತ್ತುವುದೇ ಇಲ್ಲ ಎಂದೆ. "ಹತ್ತುತ್ತೀ. ನಾನೂ ಹತ್ತಿದ್ದೇನೆ. ಏನು ಮಾಡುತ್ತೀ ಹೇಳು" ಎಂದರು. ಹೋಟೆಲಿನ ಫೋನ್ ನಂಬರ್ ಬಾಯಿಪಾಠ ಮಾಡಿಸಿ, ಕಂಪಾಸ್ ಪೆಟ್ಟಿಗೆಯಲ್ಲಿ ಒಂದೊಂದು ರೂಪಾಯಿಯ ನಾಲ್ಕು ನಾಣ್ಯ ಇಟ್ಟರು.

ಜುಲೈನ ಒಂದು ಶನಿವಾರ ಮಳೆಗೆ ಗಾಡಿಗಳೆಲ್ಲ ಅಸ್ತವ್ಯಸ್ತವಾಗಿದ್ದವು. ಬಂದದ್ದನ್ನು ಹತ್ತಿದೆ. ದಿವಾ ದಾಟಿದ ಮೇಲೆ ಗಾಡಿ ಸುರಂಗದೊಳಗೆ ನುಗ್ಗಿತು. ಪಾರ್ಸಿಕ್ ಗುಡ್ಡವನ್ನು ಕೊರೆದು 1916ರಲ್ಲಿ ತೆರೆದ, 1.3 ಕಿಲೋಮೀಟರ್ ಉದ್ದದ ಆ ಸುರಂಗದಲ್ಲಿ ಆಗ ಹೋಗುತ್ತಿದ್ದದ್ದು ಫಾಸ್ಟ್ ಗಾಡಿಗಳು. ಸ್ಲೋ ಗಾಡಿ ಮುಂಬ್ರಾದ ಕಡೆಯಿಂದ ಗುಡ್ಡವನ್ನು ಬಳಸಿ ಹೋಗುತ್ತಿತ್ತು. ಅಷ್ಟು ಹೊತ್ತಾದರೂ ಮುಗಿಯದ ಕತ್ತಲೆ ನನ್ನ ದಾರಿಯಲ್ಲಿ ಎಂದೂ ಬಂದಿರಲಿಲ್ಲ. ಗಾಳಿಯ ಸದ್ದು ಬದಲಾಗಿತ್ತು, ಕಿವಿ ಗುಂಯ್ ಎನ್ನುತ್ತಿತ್ತು, ಕಿಟಕಿಯ ಗಾಜಿನಲ್ಲಿ ನನ್ನ ಮುಖವೇ ಕಾಣಿಸುತ್ತಿತ್ತು. ತಪ್ಪು ಗಾಡಿ ಎಂದು ಗೊತ್ತಾಯಿತು. ಥಾಣೆಯಲ್ಲಿ ಇಳಿಯೋಣವೆಂದರೆ ಹತ್ತುವ ಜನರ ನೂಕುನುಗ್ಗಲಿನಲ್ಲಿ ಬಾಗಿಲು ಮುಟ್ಟಲಾಗಲಿಲ್ಲ. ಈ ಗಾಡಿ ಮಾಟುಂಗಾದಲ್ಲಿ ನಿಲ್ಲದು, ದಾದರ್‌ನಲ್ಲಿ ಇಳಿದು ಒಂದು ಸ್ಟೇಷನ್ ಹಿಂದಕ್ಕೆ ಬಾ ಎಂದು ಮೀನಿನ ಬುಟ್ಟಿಯ ಹೆಂಗಸೊಬ್ಬಳು ಹೇಳಿದಳು. ದಾದರ್‌ನಲ್ಲಿ ಇಳಿದೆ. ಅಷ್ಟು ಜನರನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಕೆಂಪು ಪೆಟ್ಟಿಗೆಯ ಫೋನಿಗೆ ಒಂದು ರೂಪಾಯಿ ಹಾಕಿ, "ಅಪ್ಪ, ದಾದರ್‌ಗೆ ಬಂದುಬಿಟ್ಟೆ" ಎಂದೆ. ಅಪ್ಪ, "ಸರಿ. ಪಕ್ಕದಲ್ಲಿ ಏನು ಕಾಣುತ್ತದೆ ಹೇಳು" ಎಂದರು. ಪುಸ್ತಕದ ಅಂಗಡಿ ಎಂದೆ. "ಅಲ್ಲಿಂದ ಕದಲಬೇಡ, ಬರುತ್ತೇನೆ" ಎಂದರು. ಬಂದರು. ಬೈಯಲಿಲ್ಲ. ನನ್ನನ್ನು ನಿಧಾನವಾಗಿ ಸೇತುವೆ ದಾಟಿಸಿ, ಇಂಡಿಕೇಟರ್‌ನಲ್ಲಿ ಎಸ್ ಎಂದರೆ ಸ್ಲೋ, ಎಫ್ ಎಂದರೆ ಫಾಸ್ಟ್ ಎಂದು ಇನ್ನೊಮ್ಮೆ ತೋರಿಸಿದರು. ಮುಂದಿನ ಶನಿವಾರ ಮತ್ತೆ ಒಬ್ಬಳನ್ನೇ ಕಳಿಸಿದರು. ಆ ಮುಂದಿನ ಶನಿವಾರದ ಬೆಲೆ ಎಷ್ಟೆಂದು ನನಗೆ ಅರ್ಥವಾಗಲು ಮೂವತ್ತು ವರ್ಷ ಬೇಕಾಯಿತು. ಅಂದು ಅಮ್ಮ ನನ್ನನ್ನು ಇನ್ನು ಕಳಿಸುವುದು ಬೇಡ ಎಂದು ಅತ್ತಿದ್ದಳು. ಅಪ್ಪನೂ ಒಪ್ಪಿ ನಿಲ್ಲಿಸಿಬಿಟ್ಟಿದ್ದರೆ, ಮುಂದೆ ಎಂದಾದರೂ ದಾರಿ ತಪ್ಪಿದಾಗ ನಾನು ಖಂಡಿತವಾಗಿಯೂ ಫೋನ್ ಮಾಡುತ್ತಿರಲಿಲ್ಲ.

ಈ ಕಥೆಯನ್ನು ಮಗಳಿಗೆ ಹೇಳಿದೆ. ಸುರಂಗದ ಕತ್ತಲೆಯ ಭಾಗವನ್ನು ಅವಳು ಎರಡು ಸಲ ಹೇಳಿಸಿದಳು. ನಿನ್ನಿಂದ ಫೋನ್ ಕಸಿದುಕೊಂಡದ್ದು ನನ್ನ ತಪ್ಪು ಎಂದು ಅವಳ ಎದುರಿಗೇ ಒಪ್ಪಿಕೊಂಡೆ. ಇನ್ನು ಮೇಲೆ ಬಂದು ಹೇಳಿದ್ದಕ್ಕಾಗಿ ಏನನ್ನೂ ಕಿತ್ತುಕೊಳ್ಳುವುದಿಲ್ಲ, ಮುಚ್ಚಿಟ್ಟದ್ದು ಗೊತ್ತಾದರೆ ಮಾತ್ರ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟೆ. ಗಂಡನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಹೇಳಿದ ಮಾತ್ರಕ್ಕೆ ಎಲ್ಲ ಮಾಫಿಯೇ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಬೇಕೆಂದೇ ಮಾಡಿದ್ದಕ್ಕೂ ತಿಳಿಯದೆ ಆದದ್ದಕ್ಕೂ ವ್ಯತ್ಯಾಸ ಮಾಡೋಣ, ಆದರೆ ಆ ವ್ಯತ್ಯಾಸ ಮಾಡಲಿಕ್ಕಾದರೂ ಮೊದಲು ವಿಷಯ ನಮಗೆ ಗೊತ್ತಾಗಬೇಕಲ್ಲ ಎಂದೆ.

ಅಲ್ಲಿಂದ ಮುಂದೆ ನಾವು 13ನ್ನು ಕೈಬಿಟ್ಟೆವು. ದೀಪಾವಳಿಯ ನಂತರ ಅತ್ತೆಯ ಫೋನ್ ಅತ್ತೆಗೇ ಮರಳಿತು, ಅವರ ಖಾತೆಗೆ ಎರಡನೇ ಬೀಗವಾಗಿ ಪಿನ್ ಸಂಖ್ಯೆಯನ್ನೂ ಹಾಕಿದೆವು. ಬ್ಯಾಂಕಿನ ಒಟಿಪಿ, ಯುಪಿಐ ಎಲ್ಲ ಇರುವ ದೊಡ್ಡವರ ಫೋನ್ ಮಕ್ಕಳ ಕೈಯಲ್ಲಿರುವುದು, ಮಕ್ಕಳಿಗೆಂದೇ ಸಿದ್ಧಪಡಿಸಿದ ಸಾಧನ ಅವರ ಕೈಯಲ್ಲಿರುವುದಕ್ಕಿಂತ ಹೆಚ್ಚು ಅಪಾಯ ಎಂಬುದನ್ನು ನಾವು ಪೆಟ್ಟು ತಿಂದು ಕಲಿತೆವು. ಮಗಳಿಗೆ ಹಳೆಯ ಟ್ಯಾಬ್ಲೆಟ್ ಒಂದನ್ನು ಸರಿಪಡಿಸಿ, ಗೂಗಲ್ ಫ್ಯಾಮಿಲಿ ಲಿಂಕ್ ಮೂಲಕ ಅವಳ ನಿಜವಾದ ಹುಟ್ಟಿದ ದಿನಾಂಕ ಹಾಕಿ ಮಕ್ಕಳ ಖಾತೆ ತೆರೆದೆವು. ಹೊಸ ಆ್ಯಪ್ ಬೇಕೆಂದರೆ ನನ್ನ ಫೋನಿಗೆ ಕೋರಿಕೆ ಬರುತ್ತದೆ. ಟ್ಯಾಬ್ಲೆಟ್ ಇರುವ ಜಾಗ ಹಾಲ್. ರಾತ್ರಿ ಅದು ಅಡುಗೆಮನೆಯ ಕಟ್ಟೆಯ ಮೇಲೆ, ಮಿಕ್ಸರ್‌ನ ಪಕ್ಕದಲ್ಲಿ ಚಾರ್ಜ್ ಆಗುತ್ತದೆ.

ಆದರೆ ನಾನು ಹೆಚ್ಚು ಹೊತ್ತು ಕಳೆದದ್ದು ಬೀಗಗಳ ಮೇಲಲ್ಲ, ಪಕ್ಕದಲ್ಲಿ ಕೂರುವುದರ ಮೇಲೆ. ಅವಳು ಬಯಸಿದ ಮೊದಲ ಆಟ ಗೆಳತಿಯರೆಲ್ಲ ಆಡುವ, ಮನೆ ಕಟ್ಟುವ ಆಟ. ಒಂದು ಭಾನುವಾರ, ಮಾಟುಂಗಾ ಮುಲುಂಡ್ ನಡುವೆ ಹಳಿ ದುರಸ್ತಿಗೆಂದು ಗಾಡಿಗಳನ್ನು ತಡೆಯುವ ಮೆಗಾ ಬ್ಲಾಕ್ ಇದ್ದು ಎಲ್ಲಿಗೂ ಹೋಗಲಾಗದ ದಿನ, ಇಬ್ಬರೂ ಕುಳಿತು ಅದು ಕೇಳುವ ಅನುಮತಿಗಳನ್ನು ಒಂದೊಂದಾಗಿ ಓದಿದೆವು. ಮನೆ ಕಟ್ಟಲು ಅದಕ್ಕೆ ಮೈಕ್ ಯಾಕೆ ಬೇಕು ಎಂದು ಅವಳನ್ನೇ ಕೇಳಿದೆ. ಮಾತಾಡುವುದಕ್ಕೆ ಎಂದಳು. ಯಾರ ಜೊತೆ? ಆಡುವವರ ಜೊತೆ. ಆಡುವವರು ಯಾರು? ಅವಳು ಸುಮ್ಮನಾದಳು, ಆಮೇಲೆ ತಾನಾಗಿಯೇ "ಗೊತ್ತಿಲ್ಲ" ಎಂದಳು. ಆ ಒಂದು ಗೊತ್ತಿಲ್ಲ ಕೇಳಿ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ. ಮೈಕ್ ಬೇಡವೆಂದು ಅವಳೇ ಒತ್ತಿದಳು. ಬರೆಯುವ ಚಾಟನ್ನು ತರಗತಿಯ ನಾಲ್ವರಿಗೆ ಸೀಮಿತಗೊಳಿಸಿದೆವು. ಮೊದಲ ಮೂರು ವಾರ ಅವಳು ಆಡುವಾಗ ನಾನು ಪಕ್ಕದಲ್ಲಿಯೇ ಬಟ್ಟೆ ಮಡಚುತ್ತ ಕೂತೆ. ಆಮೇಲೆ ಅಡುಗೆಮನೆಗೆ ಸರಿದೆ. ಸದ್ದು ಕೇಳುತ್ತದೆ, ಪರದೆ ಕಾಣುವುದಿಲ್ಲ. ನನ್ನ ಮಟ್ಟಿಗೆ ಅದು ಪಕ್ಕದ ಡಬ್ಬಿ.

ಗೆಳತಿಯರ ಗುಂಪಿನ ಸಂದೇಶಗಳಿಗೆ ಅವಳಿನ್ನೂ ಸಿದ್ಧಳಿಲ್ಲ ಎಂದೇ ನನ್ನ ಅಭಿಪ್ರಾಯ. ಮೋಸಗಾರರ ಭಯಕ್ಕೆ ಈ ಮಾತು ಹೇಳುತ್ತಿಲ್ಲ. ರಾತ್ರಿ ಒಂಬತ್ತಕ್ಕೆ ಯಾರೋ ತನ್ನನ್ನು ಬಿಟ್ಟು ಉಳಿದವರೆಲ್ಲರ ಹೆಸರು ಬರೆದರೆ ಬೆಳಗಿನ ತನಕ ಅದನ್ನೇ ಮನಸ್ಸಿನಲ್ಲಿ ತಿರುಗಿಸುವ ಸ್ವಭಾವ ಅವಳದು. ಅದೇ ವಯಸ್ಸಿನ, ಕೆಳಗಿನ ಮನೆಯ ಹುಡುಗ ಅಂಥದ್ದನ್ನು ಓದಿ ಆಕಳಿಸಿ ಮಲಗುತ್ತಾನೆ. ಅವನಿಗೆ ಕೊಡಬಹುದಾದದ್ದನ್ನು ಇವಳಿಗೆ ಈಗ ಕೊಡಲಾಗದು, ಇವಳಿಗೆ ಕೊಟ್ಟದ್ದನ್ನು ಅವನಿಗೆ ಕೊಡಲು ಅವನ ತಾಯಿ ಹೆದರುತ್ತಾಳೆ. ಅದಕ್ಕೆ ಅವಳದೇ ಕಾರಣಗಳಿವೆ.

ಕಳೆದ ತಿಂಗಳು ಒಂದು ಸಂಜೆ ನಾನು ಬಂದು ಒಲೆಯ ಮೇಲೆ ಒಗ್ಗರಣೆ ಇಟ್ಟಿದ್ದೆ. ಸಾಸಿವೆ ಸಿಡಿಯುತ್ತಿತ್ತು. ಹಾಲ್‌ನಿಂದ ದನಿ ಬಂತು. "ಅಮ್ಮಾ, ದಾದರ್‌ಗೆ ಬಂದುಬಿಟ್ಟೆ."

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಒಲೆ ಆರಿಸಿ ಹೊರಗೆ ಬಂದೆ. ಅವಳು ಟ್ಯಾಬ್ಲೆಟನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು, ಎರಡೂ ಕೈಗಳನ್ನು ಅದರಿಂದ ದೂರ ಹಿಡಿದು ಕುಳಿತಿದ್ದಳು. ನಾಲ್ವರ ಪೈಕಿ ಒಬ್ಬಳ ಅಣ್ಣನ ಗೆಳೆಯನೆಂದು ಹೇಳಿಕೊಂಡ ಯಾರೋ, ಆ ಹುಡುಗಿಯ ಖಾತೆಯಿಂದಲೇ, ನಿನ್ನ ಸ್ಕೂಲ್ ಬಸ್ಸಿನ ನಂಬರ್ ಏನು, ಎಷ್ಟು ಗಂಟೆಗೆ ಇಳಿಯುತ್ತೀ ಎಂದು ಬರೆದಿದ್ದ. ಅವಳು ಬಸ್ಸಿನ ನಂಬರ್ ಕೊಟ್ಟುಬಿಟ್ಟಿದ್ದಳು. ಗಂಟೆ ಬರೆಯುವಾಗ ಬೆರಳು ನಿಂತಿದೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ನಾಲಿಗೆಯ ತುದಿಗೆ ಹಳೆಯ ಮಾತುಗಳೆಲ್ಲ ಬಂದು ನಿಂತಿದ್ದವು. ಅಪ್ಪನ ಮಾತನ್ನು ಎರವಲು ತಂದುಕೊಂಡೆ. "ಸರಿ. ಏನು ಕಾಣುತ್ತದೆ ತೋರಿಸು" ಎಂದೆ.

ಇಬ್ಬರೂ ಕೂತು ಆ ಪರದೆಯ ಚಿತ್ರ ತೆಗೆದಿಟ್ಟುಕೊಂಡೆವು. ಆ ಖಾತೆಯನ್ನು ತಡೆಹಿಡಿದು ಆಟದವರಿಗೆ ದೂರು ಕಳಿಸಿದೆವು. ಆ ಹುಡುಗಿಯ ತಾಯಿಗೆ ನಾನು ಫೋನ್ ಮಾಡಿದೆ. ಮಗಳ ಟ್ಯಾಬ್ಲೆಟ್ ಮಧ್ಯಾಹ್ನ ಯಾರ ಕೈಯಲ್ಲಿತ್ತೆಂದು ಅವರಿಗೂ ಗೊತ್ತಿರಲಿಲ್ಲ. ಒಂದು ವಾರ ಬಸ್ ನಿಲ್ಲುವ ಜಾಗಕ್ಕೆ ಅತ್ತೆ ಹೋಗಿ ನಿಲ್ಲುವುದೆಂದೂ, ಬಸ್ಸಿನ ಆಯಾಗೆ ವಿಷಯ ಹೇಳುವುದೆಂದೂ ತೀರ್ಮಾನಿಸಿದೆವು. ಇಷ್ಟೆಲ್ಲ ಆಗುವಷ್ಟರಲ್ಲಿ ಒಗ್ಗರಣೆ ತಣ್ಣಗಾಗಿತ್ತು.

ನಾನು ಎದ್ದಾಗ ಅವಳು ಟ್ಯಾಬ್ಲೆಟನ್ನು ನನ್ನ ಕಡೆ ಚಾಚಿದಳು, ತೆಗೆದುಕೊಂಡು ಹೋಗು ಎಂಬಂತೆ. ನಾನು ಕೈ ಚಾಚಲಿಲ್ಲ. ಗೋಡೆಯ ಗಡಿಯಾರ ನೋಡಿ, "ಇವತ್ತಿನದ್ದು ಇನ್ನೂ ಹತ್ತು ನಿಮಿಷ ಇದೆ" ಎಂದೆ. ಅವಳು ನನ್ನ ಮುಖವನ್ನು ಒಮ್ಮೆ ನೋಡಿದಳು, ಅರ್ಧಕ್ಕೆ ನಿಂತಿದ್ದ ಮನೆಯ ಚಾವಣಿಯನ್ನು ಹೊದಿಸಲು ತೊಡಗಿದಳು. ನಾನು ಹೋಗಿ ಒಲೆ ಹಚ್ಚಿದೆ.